ಪಾಠ ಮನೆಗೇ ಬಂದರೂ ಪುಣೆಗೆ ಬರುವವರು

ಶಾಸ್ತ್ರಿ ರಸ್ತೆ, ನವಿ ಪೇಠೆ

ಇದು ಅಭ್ಯಾಸಿಕಾಗಳ, ಅಂದರೆ ಬಾಡಿಗೆಯ ಓದುಕೋಣೆಗಳ ಓಣಿ. ಜೆರಾಕ್ಸ್ ಅಂಗಡಿಯ ಮೇಲೆ, ಮೆಸ್ಸಿನ ಪಕ್ಕದಲ್ಲಿ, ಹಳೇ ವಾಡೆಯ ಮಹಡಿಯಲ್ಲಿ, ಎಲ್ಲಿ ನೋಡಿದರೂ ಅದೇ ಬೋರ್ಡು. ಒಳಗೆ ಪ್ಲೈವುಡ್ ಗೂಡುಗಳ ಸಾಲು. ಒಂದೊಂದರಲ್ಲಿ ಒಂದು ಕುರ್ಚಿ, ಒಂದು ದೀಪ, ಮೊಬೈಲಿಗೆ ಒಂದು ಪ್ಲಗ್. ಎಂಪಿಎಸ್‌ಸಿ, ಯುಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುವವರು ತಿಂಗಳ ಬಾಡಿಗೆ ಕೊಟ್ಟು ಬೆಳಗಿನಿಂದ ರಾತ್ರಿಯವರೆಗೆ ಇಲ್ಲಿ ಕೂರುತ್ತಾರೆ. ಮಲಗಲು ‘ಕಾಟ್ ಬೇಸಿಸ್’: ಬಾಡಿಗೆ ಕೋಣೆಗಲ್ಲ, ಒಂದು ಮಂಚಕ್ಕೆ.

ನನಗೆ ಅರ್ಥವಾಗದ್ದು ಇದು. ಕೂತವರಲ್ಲಿ ಎಷ್ಟೋ ಮಂದಿಯ ಕಿವಿಯಲ್ಲಿ ಇಯರ್‌ಫೋನ್, ಎದುರಿಗೆ ಫೋನಿನಲ್ಲಿ ಕ್ಲಾಸು. ಅದೇ ಕ್ಲಾಸು, ಅದೇ ಫೀಸಿಗೆ, ಲಾತೂರಿನ ಹಳ್ಳಿಯ ಪಡಸಾಲೆಯಲ್ಲೂ ಸಿಗುತ್ತದೆ. ಹಾಗಾದರೆ ಮಂಚಕ್ಕೆ, ಮೆಸ್ಸಿಗೆ, ಗೂಡಿಗೆ ಹಣ ಸುರಿದು ಪುಣೆಗೆ ಬರುವುದು ಯಾಕೆ?

ಇಲ್ಲಿ ಸಿಕ್ಕ ಒಬ್ಬ ಹುಡುಗ ಕಲಬುರಗಿ ಜಿಲ್ಲೆಯ ಆಳಂದ ಕಡೆಯವನು. ಬಿ.ಎಸ್ಸಿ. ಮುಗಿಸಿದ್ದಾನೆ. ಕಲಿಯುತ್ತಿರುವುದು ಜಾವಾ. ಕೋರ್ಸು ಬೆಂಗಳೂರಿನ ಕಂಪನಿಯದು, ಕಲಿಸುವವರು ಹೈದರಾಬಾದಿನಲ್ಲಿ ಕೂತವರು, ಕಲಿಯುವುದು ಪುಣೆಯ ಈ ಗೂಡಿನಲ್ಲಿ. “ಊರಲ್ಲೇ ಕೂತು ಕಲಿಯಬಹುದಿತ್ತಲ್ಲ ತಮ್ಮಾ?” ಎಂದೆ.

“ಊರಾಗ ಫೋನ್ ಹಿಡಕೊಂಡು ಕುಂತ್ರ ಖಾಲಿ ಕುಂತಾನ ಅಂತಾರ್ರಿ ಸರ್. ಇಲ್ಲಿ ಕುಂತ್ರ ಓದ್ಲಿಕತ್ತಾನ ಅಂತಾರ.”

ಈ ಮಾತನ್ನು ಬರೆದುಕೊಂಡು ಬಹಳ ಹೊತ್ತು ಯೋಚಿಸಿದೆ. ಮನೆಯಲ್ಲಿ ಒಂದೇ ಕೋಣೆ, ಅಲ್ಲೇ ಟೀವಿ, ಅಲ್ಲೇ ಬಂದವರು ಹೋದವರು. ಹೊಲದಲ್ಲಿ ಕೆಲಸವಿರುವಾಗ ಫೋನು ನೋಡುತ್ತ ಕೂತ ಮಗನನ್ನು ಅಪ್ಪ ಎಷ್ಟು ದಿನ ಸಹಿಸಿಯಾನು? ಕಲಬುರಗಿಯಿಂದ ಬೆಂಗಳೂರಿಗಿಂತ ಪುಣೆ ಹತ್ತಿರ, ಸೊಲ್ಲಾಪುರದ ಮೇಲೆ ನೇರ ರೈಲು. ಹುಡುಗ ಟಿಕೆಟ್ ತೆಗೆದದ್ದು ಪಾಠಕ್ಕಾಗಿ ಅಲ್ಲ, ತಾನು ಓದುತ್ತಿದ್ದೇನೆ ಎಂದು ಮನೆಯವರೂ ತಾನೂ ನಂಬಬಹುದಾದ ಒಂದು ಜಾಗಕ್ಕಾಗಿ.

*

ಒಂದು ಹಳೆಯ ಲೆಕ್ಕ. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿ, ಐಐಟಿ ಮದ್ರಾಸಿನ ಮೂಲಕ ಅಮೆರಿಕಕ್ಕೆ ಹೋಗಿ, ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಅನಂತ್ ಅಗರ್ವಾಲ್ 2012ರಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳ ಪಾಠವನ್ನು ಜಗತ್ತಿಗೆಲ್ಲ ಪುಕ್ಕಟೆಯಾಗಿ ತೆರೆದಿಟ್ಟರು. ಎಡ್‌ಎಕ್ಸ್ ಎಂಬ ಸಂಸ್ಥೆ ಬೆಳೆದದ್ದು ಅಲ್ಲಿಂದ. ಆ ಕೋರ್ಸಿಗೆ ಸೇರಿದವರು ಸುಮಾರು 1,55,000. ತೇರ್ಗಡೆಯಾದವರು 7,157.

ಇದನ್ನು ಎರಡು ಬಗೆಯಲ್ಲಿ ಓದಬಹುದು. ಒಬ್ಬ ಮೇಷ್ಟ್ರು ನಿವೃತ್ತಿಯಾಗುವವರೆಗೆ ಕಲಿಸಿದರೂ ಅಷ್ಟು ಮಕ್ಕಳನ್ನು ಆ ಪರೀಕ್ಷೆ ದಾಟಿಸುವುದು ಕಷ್ಟ, ನಿಜವಾಗಿಯೂ ದೊಡ್ಡ ಸಾಧನೆ. ಇನ್ನೊಂದು ಕಡೆಯಿಂದ ನೋಡಿದರೆ ನೂರಕ್ಕೆ ತೊಂಬತ್ತೈದು ಮಂದಿ ಎಲ್ಲೋ ಕಳೆದುಹೋದರು. ಎಂಐಟಿಯ ಇಬ್ಬರು ಸಂಶೋಧಕರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ಇಂಥ ಕೋರ್ಸುಗಳ ಲೆಕ್ಕ ಬಿಡಿಸಿಟ್ಟರು. 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂವರು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮಾತ್ರ 46. ಪಾಠ ಒಂದೇ, ಮೇಷ್ಟ್ರು ಒಬ್ಬರೇ. ಹಣ ಕಟ್ಟಿದವನು ಮೊದಲೇ ಗಟ್ಟಿ ಮನಸ್ಸು ಮಾಡಿದ್ದನೋ, ಕಟ್ಟಿದ ಮೇಲೆ ಮನಸ್ಸು ಗಟ್ಟಿಯಾಯಿತೋ? ಎರಡೂ ಇರಬಹುದು.

*

2024ರ ಜುಲೈ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ಮೇಲೆ ಕ್ರಿಕೆಟ್ ಮಂಡಳಿ ಸಲ್ಲಿಸಿದ ಅರ್ಜಿಯನ್ನು ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿ ದಿವಾಳಿ ಪ್ರಕ್ರಿಯೆ ಆರಂಭಿಸಿತು. ಅದೇ ತಿಂಗಳು ಅಮೆರಿಕದಲ್ಲಿ, ಎಡ್‌ಎಕ್ಸನ್ನು 80 ಕೋಟಿ ಡಾಲರಿಗೆ ಕೊಂಡಿದ್ದ 2ಯು ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಎರಡು ದೇಶ, ಎರಡು ಥರದ ವ್ಯವಹಾರ, ಒಂದೇ ತಿಂಗಳು. ಒಬ್ಬರದು ಶಾಲೆಯ ಮಕ್ಕಳಿಗೆ, ಇನ್ನೊಬ್ಬರದು ಪದವಿ ಮತ್ತು ಉದ್ಯೋಗಕ್ಕೆ. ಸಾಲ ಮಾಡಿ ಕಂಪನಿಗಳನ್ನು ಕೊಂಡದ್ದು ಕಾರಣ, ಕೋವಿಡ್ ಕಾಲದ ಬೇಡಿಕೆ ಶಾಶ್ವತವೆಂದು ನಂಬಿದ್ದು ಕಾರಣ. ಪಾಠದ ಗುಣಕ್ಕೂ ಈ ಕುಸಿತಕ್ಕೂ ಸಂಬಂಧ ಕಡಿಮೆ ಎಂದೇ ನನಗನ್ನಿಸುತ್ತದೆ. ಇಬ್ಬರ ಪಾಠಗಳೂ ಚೆನ್ನಾಗಿಯೇ ಇದ್ದವು. ಎಡ್‌ಎಕ್ಸ್ ಪಾಠಗಳು ಈಗಲೂ ನಡೆಯುತ್ತಿವೆ.

ಎಂಕೆಸಿಎಲ್

ಈ ದೊಡ್ಡ ಹೆಸರುಗಳ ಸದ್ದಿನಲ್ಲಿ ಪುಣೆಯ ಒಂದು ಕಂಪನಿಯ ಬಗ್ಗೆ ನಮ್ಮವರು ಮಾತಾಡುವುದೇ ಇಲ್ಲ. ಮಹಾರಾಷ್ಟ್ರ ನಾಲೆಜ್ ಕಾರ್ಪೊರೇಷನ್ ಲಿಮಿಟೆಡ್ (ಎಂಕೆಸಿಎಲ್) 2001ರಲ್ಲಿ ರಾಜ್ಯದ ಉನ್ನತ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆಸರೆಯಲ್ಲಿ ಹುಟ್ಟಿತು. ಅದನ್ನು ಬಹುಕಾಲ ಮುನ್ನಡೆಸಿದವರು ವಿವೇಕ್ ಸಾವಂತ್. ಈ ಕಂಪನಿಯ ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಕೋರ್ಸನ್ನು ಇದುವರೆಗೆ ಕಲಿತವರ ಸಂಖ್ಯೆ ಒಂದು ಕೋಟಿ ದಾಟಿದೆ. ಅಕ್ಕಲಕೋಟೆ, ಜತ್ತದಂಥ ಗಡಿ ತಾಲ್ಲೂಕುಗಳಲ್ಲಿ ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿ ‘ಎಂಎಸ್‌ಸಿಐಟಿ ಮಾಡುವುದು’ ಮನೆಮಾತು. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳೂ ಇದನ್ನು ಮರಾಠಿಯಲ್ಲಿ ಕಲಿತರು.

ನಾನು ಗಮನಿಸಿದ್ದು ಅದರ ಏರ್ಪಾಡನ್ನು. ಪಾಠ ಕಂಪ್ಯೂಟರಿನ ಒಳಗೇ ಇದೆ, ಪರೀಕ್ಷೆಯೂ ಅಲ್ಲೇ, ಎಲ್ಲ ಪುಣೆಯಿಂದ ತಯಾರಾಗಿ ಬರುತ್ತದೆ. ಆದರೆ ಆ ಪಾಠವನ್ನು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಲಿಲ್ಲ. ಊರೂರಿನಲ್ಲಿ ಒಬ್ಬ ಸಣ್ಣ ಉದ್ಯಮಿಯನ್ನು ಹುಡುಕಿದರು. ಕೋಣೆ ಅವನದು, ಕಂಪ್ಯೂಟರು ಅವನವು, ಕರೆಂಟ್ ಬಿಲ್ಲು ಅವನದು. ಫೀಸಿನಲ್ಲಿ ಪಾಲೂ ಅವನಿಗೆ. ಎರಡು ದಿನ ಬಾರದ ಹುಡುಗಿಯ ಮನೆಗೆ ಫೋನು ಮಾಡುವವನೂ ಅವನೇ, ಯಾಕೆಂದರೆ ಅವಳು ಬಿಟ್ಟುಹೋದರೆ ಮುಂದಿನ ವರ್ಷ ಅವಳ ತಂಗಿ ಬರುವುದಿಲ್ಲ. ಮೌಸ್ ಹಿಡಿಯಲು ಹೆದರುವ ಅಂಗನವಾಡಿ ಕಾರ್ಯಕರ್ತೆಯ ಪಕ್ಕ ಒಂದು ಜೀವ ಕೂತಿರುತ್ತದೆ. ಸರ್ಕಾರಿ ನೌಕರಿಗೆ ಈ ಪ್ರಮಾಣಪತ್ರ ಬೇಕೆಂಬ ನಿಯಮ ಜನರನ್ನು ಬಾಗಿಲವರೆಗೆ ತಂದಿತು, ನಿಜ. ಒಳಗೆ ಉಳಿಸಿಕೊಂಡದ್ದು ಆ ಕೋಣೆ.

ಇದೇ ಮಾದರಿ 2008ರಲ್ಲಿ ರಾಜಸ್ಥಾನಕ್ಕೂ ಹೋಯಿತು. ನಮ್ಮಲ್ಲೂ ರಾಜ್ಯ ಸರ್ಕಾರದ ಕಿಯೋನಿಕ್ಸ್ ಕಂಪ್ಯೂಟರ್ ಕೇಂದ್ರಗಳು ತಾಲ್ಲೂಕುಗಳಲ್ಲಿ ಇದ್ದವು. ಅವು ಊರಿನವರ ಬಾಯಲ್ಲಿ ಈ ಮಟ್ಟಿಗೆ ಏಕೆ ನೆಲೆಯೂರಲಿಲ್ಲ ಎಂಬುದನ್ನು ಯಾರಾದರೂ ಕೂತು ಬರೆಯಬೇಕು.

*

ಪುಣೆಯ ಸಿಂಬಯಾಸಿಸ್ ವಿದ್ಯಾಸಂಸ್ಥೆಯ ಸ್ಥಾಪಕ ಎಸ್.ಬಿ. ಮುಜುಮ್ದಾರ್ ಹುಟ್ಟಿದ್ದು ನಮ್ಮ ಗಡಿಯಂಚಿನ ಗಡಹಿಂಗ್ಲಜದಲ್ಲಿ. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಹಾಸ್ಟೆಲ್ ರೆಕ್ಟರ್ ಆಗಿದ್ದಾಗ, ಕಾಮಾಲೆಯಾಗಿ ಒಂಟಿಯಾಗಿ ಮಲಗಿದ್ದ ಮಾರಿಷಸ್ಸಿನ ವಿದ್ಯಾರ್ಥಿಯನ್ನು ಕಂಡದ್ದೇ 1971ರಲ್ಲಿ ಸಂಸ್ಥೆ ಕಟ್ಟಲು ಪ್ರೇರಣೆ ಎಂದು ಅವರೇ ಹೇಳಿಕೊಂಡು ಬಂದಿದ್ದಾರೆ. ಮೂವತ್ತು ವರ್ಷದ ನಂತರ, 2001ರಲ್ಲಿ, ಅದೇ ಸಂಸ್ಥೆ ದೂರಶಿಕ್ಷಣ ಕೇಂದ್ರ ತೆರೆಯಿತು. ಊರು ಬಿಟ್ಟು ಬಂದವನ ಒಂಟಿತನ ನೋಡಿ ಹುಟ್ಟಿದ ಸಂಸ್ಥೆ, ಊರು ಬಿಡದೆ ಒಂಟಿಯಾಗಿ ಓದುವವರಿಗೂ ಡಿಪ್ಲೊಮಾ ಕೊಡತೊಡಗಿತು. ದೂರಶಿಕ್ಷಣದ ವಿದ್ಯಾರ್ಥಿಗೆ ಹಾಸ್ಟೆಲ್ ರೆಕ್ಟರ್ ಯಾರು?

*

ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಇದೇ ಪುಣೆಯಲ್ಲಿ, ಬೆಂಗಳೂರಿಗೆ ಹೋದದ್ದು 1983ರಲ್ಲಿ. ಈಗ ಅವರ ಸ್ಪ್ರಿಂಗ್‌ಬೋರ್ಡ್ ಎಂಬ ವೇದಿಕೆಯಲ್ಲಿ ಯಾರು ಬೇಕಾದರೂ ಪುಕ್ಕಟೆ ಕಲಿಯಬಹುದು. ತಾವು ಕೆಲಸಕ್ಕೆ ತೆಗೆದುಕೊಂಡ ಹೊಸಬರನ್ನು ಮಾತ್ರ ಮೈಸೂರಿನ ಕ್ಯಾಂಪಸ್ಸಿಗೆ ಕರೆಸಿ, ಊಟ ವಸತಿ ಕೊಟ್ಟು ತಿಂಗಳುಗಟ್ಟಲೆ ಕಲಿಸುತ್ತಾರೆ. ಆನ್‌ಲೈನ್ ಪಾಠದ ಶಕ್ತಿ ಚೆನ್ನಾಗಿ ಬಲ್ಲ ಕಂಪನಿಯೇ ತನ್ನವರನ್ನು ಒಂದೇ ಸೂರಿನಡಿ ಕೂರಿಸುತ್ತದೆ. ಅಲ್ಲೂ ಕಟ್ಟುನಿಟ್ಟು ಕಡಿಮೆಯಲ್ಲ. ಒಳ ಪರೀಕ್ಷೆಯಲ್ಲಿ ಮೂರು ಅವಕಾಶದಲ್ಲೂ ತೇರ್ಗಡೆಯಾಗದ 300ಕ್ಕೂ ಹೆಚ್ಚು ಟ್ರೈನಿಗಳನ್ನು 2025ರ ಫೆಬ್ರವರಿಯಲ್ಲಿ ಹೊರಗೆ ಕಳಿಸಿದ್ದು ದೊಡ್ಡ ಸುದ್ದಿಯಾಯಿತು.

ಪುಣೆಯ ಸಿ-ಡ್ಯಾಕ್ ಕೂಡ ಇಂಥದೇ ಕಥೆ. 1988ರಲ್ಲಿ ಸೂಪರ್‌ಕಂಪ್ಯೂಟರ್ ಮಾಡಲು ಹುಟ್ಟಿ, 1991ರಲ್ಲಿ ‘ಪರಮ್ 8000’ ಕೊಟ್ಟ ಸಂಸ್ಥೆ. ಸಾವಿರಾರು ಎಂಜಿನಿಯರುಗಳಿಗೆ ಅದರ ಪರಿಚಯ ಇರುವುದು ಸೂಪರ್‌ಕಂಪ್ಯೂಟರಿನಿಂದಲ್ಲ, ಪ್ರವೇಶ ಪರೀಕ್ಷೆ ಬರೆದು ಸೇರುವ ಆರು ತಿಂಗಳ, 900 ಗಂಟೆಗಳ ಡಿಪ್ಲೊಮಾದಿಂದ. ಆ 900 ಗಂಟೆಯ ಪಾಠದ ಬಹುಪಾಲು ಇಂದು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೂ ಪ್ರವೇಶ ಪರೀಕ್ಷೆಯನ್ನು ಜನ ಬರೆಯುತ್ತಲೇ ಇದ್ದಾರೆ. ಕೋರ್ಸಿನ ಕೊನೆಗೆ ಕಂಪನಿಗಳು ಒಟ್ಟಾಗಿ ಬಂದು ಸಂದರ್ಶನ ಮಾಡುತ್ತವೆ ಎಂಬುದಕ್ಕಾಗಿ.

ಕಂಬಗಳ ಮೇಲಿನ ಭಿತ್ತಿಪತ್ರ

ಕರ್ವೆನಗರ, ವಾಕಡ್, ಡೆಕ್ಕನ್. ‘ಫುಲ್ ಸ್ಟ್ಯಾಕ್’, ‘ಡೇಟಾ ಸೈನ್ಸ್’, ‘ಸಾಫ್ಟ್‌ವೇರ್ ಟೆಸ್ಟಿಂಗ್’, ‘100% ಪ್ಲೇಸ್‌ಮೆಂಟ್’, ‘ಕೆಲಸ ಸಿಕ್ಕ ಮೇಲೆ ಫೀಸು’. ಕೆಲಸದ ಭರವಸೆ ಕೊಡುವ ಸುಳ್ಳು ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಸಾಲದ ಕಂತು, ತಾನಾಗಿಯೇ ಹಣ ಕಡಿತವಾಗುವ ಒಪ್ಪಂದಗಳ ಬಗ್ಗೆ ಎಚ್ಚರವಿರಲಿ ಎಂದು ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪಾಲಕರಿಗೆ ಹೇಳಿತ್ತು. ಕಂಬಗಳಿಗೆ ಇದು ಇನ್ನೂ ಮುಟ್ಟಿದಂತಿಲ್ಲ.

ಹಿಂಜವಡಿಯಿಂದ ನಮ್ಮ ಐಟಿಐಗೆ

ನನ್ನನ್ನು ಹೆಚ್ಚು ಕಾಡಿದ್ದು ಇದು. ಟಾಟಾ ಟೆಕ್ನಾಲಜೀಸ್‌ನ ಮುಖ್ಯ ಕಚೇರಿ ಇರುವುದು ಪುಣೆಯ ಹಿಂಜವಡಿಯಲ್ಲಿ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಹೊಸದಾಗಿ ಸಜ್ಜುಗೊಳಿಸಿದ್ದು ಈ ಕಂಪನಿ, ತನ್ನ ಸಹಭಾಗಿ ಉದ್ಯಮಗಳ ಜೊತೆಗೂಡಿ. ಖರ್ಚು 4,700 ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ದೊಡ್ಡ ಪಾಲು ಹಾಕಿದ್ದು ಕಂಪನಿಯ ಕಡೆಯವರು. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ಅವನ್ನು ಲೋಕಾರ್ಪಣೆ ಮಾಡಿದರು. ಲೇತಿನ ಮುಂದೆ ನಿಂತು ಕಲಿಯುತ್ತಿದ್ದ ಶಾಲೆಗಳಿಗೆ ಸಿಎನ್‌ಸಿ ಯಂತ್ರ, ಕೈಗಾರಿಕಾ ರೋಬೋ, ವಿದ್ಯುತ್ ವಾಹನದ ಬಿಡಿಭಾಗ ಬಂದವು.

ಇದು ಒಳ್ಳೆಯ ಕೆಲಸ, ಸಂಶಯವೇ ಇಲ್ಲ. ವೆಲ್ಡಿಂಗ್ ಕಿಡಿಯ ಬಿಸಿ ಆ್ಯಪಿನಿಂದ ಗೊತ್ತಾಗುವುದಿಲ್ಲ. ಯಂತ್ರವನ್ನು ಮುಟ್ಟಿಯೇ ಕಲಿಯಬೇಕು. ಆನ್‌ಲೈನ್ ಕೋರ್ಸುಗಳ ಗದ್ದಲದಲ್ಲಿ ಒಂದು ತಂತ್ರಜ್ಞಾನ ಕಂಪನಿಯೇ ಬಂದು ತಾಲ್ಲೂಕಿನ ಷೆಡ್ಡಿನಲ್ಲಿ ಯಂತ್ರ ನಿಲ್ಲಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಅಲ್ಲಿ ರೋಬೋ ನಡೆಸಲು ಕಲಿತ ಹುಡುಗ ಅದನ್ನು ಎಲ್ಲಿ ನಡೆಸಬೇಕು? ತಾಲ್ಲೂಕಿನಲ್ಲಿ ರೋಬೋ ಇರುವ ಜಾಗ ಆ ಐಟಿಐ ಒಂದೇ. ಬೀದರ, ಕಲಬುರಗಿ, ವಿಜಯಪುರದ ಹುಡುಗನಿಗೆ ಕಾರ್ಖಾನೆ ಎಂದರೆ ಚಾಕಣ್, ಪಿಂಪ್ರಿ, ತಳೇಗಾಂವ್. ಕಲಿಕೆ ಪುಣೆಯಿಂದ ಅವನ ಊರಿಗೆ ಬಂತು, ಅವನು ಕಲಿತು ಪುಣೆಗೆ ಹೋದ. ತರಬೇತಿಗೆ ಇಷ್ಟು ದುಡ್ಡು ಹೊಂದಿಸಿದ ಸರ್ಕಾರ, ಆ ತರಬೇತಿಗೆ ತಕ್ಕ ಹತ್ತು ಕಾರ್ಖಾನೆಗಳನ್ನು ಕಲ್ಯಾಣ ಕರ್ನಾಟಕಕ್ಕೆ ತರಲು ಅಷ್ಟೇ ಹಟ ಹಿಡಿಯಿತೇ?

ಚಾಕಣ್

ಪಾಳಿ ಮುಗಿಯುವ ಹೊತ್ತು. ಬಸ್ಸುಗಳಿಂದ ಇಳಿಯುವ ಹುಡುಗರ ಕೊರಳಲ್ಲಿ ಐಡಿ ಕಾರ್ಡು, ಅನೇಕರ ಕಾರ್ಡಿನ ಮೇಲೆ ‘ಟ್ರೈನಿ’. ತಾಂತ್ರಿಕ ಶಿಕ್ಷಣದ ಕೇಂದ್ರ ಪರಿಷತ್ತು ಎಐಸಿಟಿಇ 2013ರಲ್ಲಿ ‘ನೀಮ್’ ಎಂಬ ಯೋಜನೆ ತಂದಿತ್ತು. ಏಜೆಂಟ್ ಸಂಸ್ಥೆಗಳ ಮೂಲಕ ಯುವಕರನ್ನು ಕಾರ್ಖಾನೆಗಳಲ್ಲಿ ತರಬೇತಿಗೆ ಹಾಕುವುದು. ಕಾಯ್ದೆಯ ಲೆಕ್ಕದಲ್ಲಿ ಅವರು ನೌಕರರಲ್ಲ. ತರಬೇತಿಯ ಹೆಸರಿನಲ್ಲಿ ಅಗ್ಗದ ದುಡಿಮೆ ಎಂದು ಕಾರ್ಮಿಕ ಸಂಘಟನೆಗಳು ಕೂಗಿದವು. ಕೊನೆಗೆ ಎಐಸಿಟಿಇ ಅದನ್ನು ನಿಲ್ಲಿಸಿತು. ಈಗ ಅಪ್ರೆಂಟಿಸ್ ಯೋಜನೆಗಳಿವೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಮುಖ್ಯಮಂತ್ರಿ ಹೆಸರಿನ ಯುವ ತರಬೇತಿ ಯೋಜನೆ ತಂದು ಪಿಯುಸಿ ಆದವರಿಗೆ ತಿಂಗಳಿಗೆ 6,000, ಐಟಿಐ ಮತ್ತು ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಭತ್ಯೆ ಇಟ್ಟಿತು. ಅವಧಿ ಮುಗಿದ ಮೇಲೆ ಕೆಲಸ ಕಾಯಂ ಮಾಡಿ ಎಂದು ಅದೇ ಯುವಕರು ಬೀದಿಗಿಳಿದರು.

ಎಷ್ಟು ತಿಂಗಳು ಕಲಿತರೆ ಒಬ್ಬ ‘ಕಲಿತವ’ ಆಗುತ್ತಾನೆ? ಒಂದು ಅಸೆಂಬ್ಲಿ ಲೈನಿನಲ್ಲಿ ಒಂದೇ ನಟ್ಟು ಬಿಗಿಯುತ್ತ ವರ್ಷ ಕಳೆದವನ ಕೈಗೆ ಸಿಗುವ ಕಾಗದದಲ್ಲಿ ಏನೇನು ಕಲಿತನೆಂದು ಬರೆಯುತ್ತಾರೆ? ಪಾಳಿ ಮುಗಿಸಿ ಬಂದು ಥಿಯರಿ ಪಾಠವನ್ನು ಫೋನಿನಲ್ಲಿ ಮುಗಿಸಬೇಕೆಂಬ ಏರ್ಪಾಡೂ ಹಲವೆಡೆ ಇದೆ. ಕಣ್ಣು ಎಳೆಯುವ ಹೊತ್ತಿನಲ್ಲಿ ವೀಡಿಯೊ ಓಡಿಸಿ ಪಕ್ಕಕ್ಕಿಟ್ಟು ಮಲಗುವ ಹುಡುಗನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗುವುದಿಲ್ಲ.

ಔಂಧ್

2016ರಲ್ಲಿ ಪುಣೆ ಮಹಾನಗರ ಪಾಲಿಕೆಯ ಜೊತೆಗೂಡಿ ಇಲ್ಲಿ ಮೊದಲ ‘ಲೈಟ್‌ಹೌಸ್’ ತರಬೇತಿ ಕೇಂದ್ರ ಆರಂಭವಾಯಿತು, ಕೊಳೆಗೇರಿಯ ಯುವಕ ಯುವತಿಯರಿಗಾಗಿ. ಬಂದವರಿಗೆ ಕೂಡಲೇ ಟ್ಯಾಲಿಯನ್ನೋ ನರ್ಸಿಂಗನ್ನೋ ಕಲಿಸುವುದಿಲ್ಲ. ಮೊದಲು ಫೌಂಡೇಷನ್ ಕೋರ್ಸು: ಗುಂಪಿನಲ್ಲಿ ಕೂತು ಮಾತಾಡುವುದು, ತನಗೇನು ಬೇಕೆಂದು ತಾನೇ ಕಂಡುಕೊಳ್ಳುವುದು, ಆಪ್ತಸಲಹೆ. ಕೌಶಲದ ಕೋರ್ಸು ಆಮೇಲೆ. ಮನೆಗೆಲಸಕ್ಕೆ ಹೋಗುವ ತಾಯಂದಿರ ಹೆಣ್ಣುಮಕ್ಕಳಿಗೆ ಈ ಮೊದಲ ಭಾಗವೇ ದೊಡ್ಡದು ಎಂದು ನನ್ನ ನಂಬಿಕೆ. ಅದನ್ನು ಯಾವ ಆ್ಯಪೂ ಕೊಡದು.

*

ಭಾಷೆಯ ಬಗ್ಗೆ. ಪಿಂಪ್ರಿ ಚಿಂಚ್‌ವಾಡದ ಎಂಜಿನಿಯರಿಂಗ್ ಕಾಲೇಜೊಂದು 2021ರಲ್ಲಿ ಮರಾಠಿಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಆರಂಭಿಸಿತು. ಅದೇ ವರ್ಷ ಕರ್ನಾಟಕದಲ್ಲೂ ಕನ್ನಡದಲ್ಲಿ ಕಲಿಸಲು ಕೆಲವು ಕಾಲೇಜುಗಳಿಗೆ ಅನುಮತಿ ಸಿಕ್ಕಿತು, ಬಂದವರು ಬೆರಳೆಣಿಕೆ. ಆಳಂದದ ಹುಡುಗ ಜಾವಾ ಕೇಳುತ್ತಿರುವುದು ಹಿಂದಿಯಲ್ಲಿ, ಅರ್ಥವಾಗದಿದ್ದಾಗ ತೆಲುಗಿನ ವೀಡಿಯೊ. ಐಐಟಿಗಳ ಎನ್‌ಪಿಟೆಲ್ ಆನ್‌ಲೈನ್ ಪಾಠಗಳ ಕನ್ನಡ ಅನುವಾದ ಇದೆ ಎಂದರೆ ಅವನಿಗೆ ಆಶ್ಚರ್ಯ. ಮಾಡಿಟ್ಟದ್ದನ್ನು ಮಕ್ಕಳ ಕೈಗೆ ಮುಟ್ಟಿಸುವವರೇ ಇಲ್ಲ.

*

ಈಗ ಆಳಂದದ ಹುಡುಗನ ಫೋನಿನಲ್ಲಿ ಎಐ ಇದೆ. ಎಲ್ಲಿ ತಪ್ಪಾಯಿತು ಎಂದು ಕನ್ನಡದಲ್ಲೇ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ, ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಬಡವನ ಮಗನಿಗೆ ಇಂಥ ಮೇಷ್ಟ್ರು ಹಿಂದೆಂದೂ ಸಿಕ್ಕಿರಲಿಲ್ಲ. ಕೋಡು ಬರೆಯಲು ಕಲಿಸುವ ಅದೇ ಮೇಷ್ಟ್ರು ತಾನೇ ಕೋಡು ಬರೆದೂ ಕೊಡುತ್ತದೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳು ಅದರ ಪಾಲಾಗುತ್ತಿವೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಕಡಿಮೆ ಮಾಡುವುದಾಗಿ ಹೇಳಿದಾಗ ಹಿಂಜವಡಿಯ ಚಹಾ ಅಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಇವನಿಗೆ ಯಾವುದನ್ನು ಕಲಿ ಎಂದು ಹೇಳಬೇಕು? ನನಗೆ ತೋಚಿಲ್ಲ.

ಕೇಳಿಕೊಳ್ಳುವುದು

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಮೀರಿ ಗ್ರಂಥಾಲಯಗಳಿವೆ. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಸರ್ಕಾರದವರೇ, ಅವನ್ನು ರಾತ್ರಿ ಹತ್ತರವರೆಗೆ ತೆರೆದಿಡಿ. ಒಂದು ಗೋಡೆಯುದ್ದಕ್ಕೆ ಗೂಡುಗಳನ್ನು ಮಾಡಿಸಿ, ಒಂದೊಂದಕ್ಕೆ ಒಂದು ದೀಪ, ಒಂದು ಪ್ಲಗ್ ಕೊಡಿ. ಹೆಣ್ಣುಮಕ್ಕಳು ಕತ್ತಲಾದ ಮೇಲೂ ಬಂದು ಹೋಗುವಂತೆ ನೋಡಿಕೊಳ್ಳಿ. ಅಲ್ಲಿ ಕೂತವರ ಹೆಸರು ಕರೆದು ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವ ಒಬ್ಬರಿಗೆ ಸರಿಯಾದ ಸಂಬಳ ಕೊಡಿ. 4,700 ಕೋಟಿಯ ಮುಂದೆ ಇದು ದೊಡ್ಡ ಖರ್ಚೇನಲ್ಲ.

ಪುಣೆಯ ಕನ್ನಡ ಸಂಘದವರಿಗೂ ಒಂದು ಮಾತು. ನೀವು ಕಾವೇರಿ ಹೆಸರಿನಲ್ಲಿ ಶಾಲೆ ಕಾಲೇಜು ಕಟ್ಟಿ ಬೆಳೆಸಿದವರು. ಚಾಕಣ್‌ನಲ್ಲಿ, ಹಿಂಜವಡಿಯಲ್ಲಿ ನಮ್ಮ ಊರುಗಳ ಸಾವಿರಾರು ಮಕ್ಕಳಿದ್ದಾರೆ. ಭಾನುವಾರ ಎರಡು ತಾಸು ಒಂದು ಕೋಣೆ ಕೊಟ್ಟು, ಕೆಲಸದಲ್ಲಿರುವ ಹಿರಿಯರನ್ನು ಕೂರಿಸಿ. ಸಂದರ್ಶನಕ್ಕೆ ಹೋಗುವ ಮುನ್ನ ಹುಡುಗರು ಅವರೆದುರು ಒಮ್ಮೆ ಬಾಯಿಬಿಡಲಿ.

ತಂದೆತಾಯಿಯರೇ, ಕೋರ್ಸಿಗೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಹಿಂದಿನ ಬ್ಯಾಚಿನ ಯಾರ ಜೊತೆ ಮಾತಾಡಬಹುದು? ಮಗ ಅಥವಾ ಮಗಳು ನಡುವೆ ಬಿಟ್ಟರೆ ಹಣ ಎಷ್ಟು ವಾಪಸು? ಅರ್ಥವಾಗದಿದ್ದಾಗ ಫೋನು ಎತ್ತಿ ಮಾತಾಡುವ ಮನುಷ್ಯ ಯಾರು? ಮೂರಕ್ಕೂ ಹೆಸರು ಹಾಕಿ ಕಾಗದದ ಮೇಲೆ ಉತ್ತರ ಕೊಡುವವರಿಗೆ ಮಾತ್ರ ಹಣ ಕೊಡಿ.